ಮಂಕಾದ ಬಟನ್ನಿಗೂ ಕಾರಣ ಬೇಕು

ಮಾತಾಡುವವರು ಇಬ್ಬರು. ಮಡಿಕೇರಿಯಲ್ಲಿ ಬಹಳ ಕಾಲದಿಂದ ಡಿಟಿಪಿ ಮತ್ತು ಲೇಬಲ್ ವಿನ್ಯಾಸ ಮಾಡಿಕೊಂಡು ಬಂದ ಒಬ್ಬ ಅಕ್ಕ. ಗೋಣಿಕೊಪ್ಪಲಿನಲ್ಲಿ ಅದೇ ಕೆಲಸಕ್ಕೆ ಹೊಸದಾಗಿ ಇಳಿದ ಒಬ್ಬ ಹುಡುಗ. ಸಣ್ಣ ಬೆಳೆಗಾರರು ತಾವೇ ಹುರಿದು ಪುಡಿ ಮಾಡಿ ಮಾರುವ ಕಾಫಿ ಪೊಟ್ಟಣಗಳಿಗೆ ಲೇಬಲ್ ತಯಾರಿಸಲು ಹುಡುಗ ಇಲಸ್ಟ್ರೇಟರ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದಾನೆ. ಅದನ್ನು ನೋಡಿಕೊಡಿ ಎಂದು ಬಂದಾಗ ಶುರುವಾದ ಮಾತು ಇದು.

ಹುಡುಗ: ಕೆಲಸ ಹೆಚ್ಚುಕಮ್ಮಿ ಮುಗಿದಿದೆ ಅಕ್ಕಾ. ಡೈಲಾಗ್ ತೆರೆಯುತ್ತೆ, ತೋಟದ ಹೆಸರು, ಕಾಫಿಯ ಬಗೆ, ತೂಕ, ಬೆಲೆ ತುಂಬಿದರೆ ಲೇಬಲ್ ತಯಾರು. ಆದರೆ ನೀವು ಫೋನಿನಲ್ಲಿ ಹೇಳಿದ ಒಂದು ಮಾತು ನನಗೆ ಒಪ್ಪಿಗೆಯಾಗಿಲ್ಲ. ಸಂದರ್ಭ ನೋಡಿ ಕೆಲವು ಕಂಟ್ರೋಲ್‌ಗಳನ್ನು ಮುಚ್ಚಬೇಕು ಅಂದಿರಿ. ಎಲ್ಲವನ್ನೂ ತೆರೆದಿಟ್ಟು, ಕೊನೆಗೆ ಓಕೆ ಒತ್ತಿದಾಗ ತಪ್ಪಿದ್ದರೆ ಒಂದು ಎಚ್ಚರಿಕೆ ತೋರಿಸಿದರೆ ಸಾಲದಾ?

ಅಕ್ಕ: ನಿನ್ನ ಡೈಲಾಗಿನಲ್ಲಿ ಏನೇನಿದೆ, ಮೊದಲು ಅದನ್ನು ಹೇಳು.

ಹುಡುಗ: ಕಾಫಿಯ ಬಗೆಗೆ ಒಂದು ಪಟ್ಟಿ: ಅರೇಬಿಕಾ, ರೋಬಸ್ಟಾ. ಚಿಕೋರಿ ಬೆರೆತಿದೆಯಾ ಅನ್ನೋದಕ್ಕೆ ಒಂದು ಚೆಕ್‌ಬಾಕ್ಸ್, ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಬರೆಯೋ ಜಾಗ. ಕೊಡಗು ಅರೇಬಿಕಾದ ಭೌಗೋಳಿಕ ಸೂಚಕದ ಲಾಂಛನ ಹಾಕಬೇಕಾ ಅನ್ನೋದಕ್ಕೆ ಇನ್ನೊಂದು ಚೆಕ್‌ಬಾಕ್ಸ್. ಆಮೇಲೆ ಭಾಷೆ, ಫಾಂಟು, ತೂಕ, ಬೆಲೆ.

ಅಕ್ಕ: ಸರಿ. ಈಗ ಯಾರೋ ರೋಬಸ್ಟಾ ಆರಿಸಿದರು ಅಂತಿಟ್ಟುಕೋ. ಕೊಡಗು ಅರೇಬಿಕಾ ಲಾಂಛನದ ಚೆಕ್‌ಬಾಕ್ಸ್ ತೆರೆದೇ ಇದೆ. ಅವರು ಟಿಕ್ ಮಾಡ್ತಾರೆ. ಬೆಲೆ, ತೂಕ, ತಯಾರಾದ ತಿಂಗಳು ಎಲ್ಲ ತುಂಬ್ತಾರೆ. ಓಕೆ ಒತ್ತಿದ ಮೇಲೆ ನಿನ್ನ ಎಚ್ಚರಿಕೆ ಬರುತ್ತೆ, ಇದು ಆಗೋದಿಲ್ಲ ಅಂತ. ಆಗೋದಿಲ್ಲ ಅಂತ ನಿನ್ನ ಸ್ಕ್ರಿಪ್ಟಿಗೆ ಯಾವಾಗ ಗೊತ್ತಾಯಿತು?

ಹುಡುಗ: ರೋಬಸ್ಟಾ ಆರಿಸಿದ ಕ್ಷಣದಲ್ಲೇ.

ಅಕ್ಕ: ಮತ್ತೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಯಾಕೆ? ಗೊತ್ತಿದ್ದೂ ಹೇಳದೆ, ಎಲ್ಲ ತುಂಬಿಸಿಕೊಂಡು ಕೊನೆಗೆ ತಳ್ಳಿಹಾಕೋದು ಕೂತು ಕೆಲಸ ಮಾಡೋವರಿಗೆ ಮಾಡುವ ಅಗೌರವ. ಆಗದ ಆಯ್ಕೆಯನ್ನು ಆಗುತ್ತೆ ಅನ್ನೋ ಹಾಗೆ ಮುಂದಿಡಬಾರದು. ನಾನು ಮುಚ್ಚು ಅಂದದ್ದು ಅದಕ್ಕೆ.

ಹುಡುಗ: ಲೇಬಲ್ಲಿನಲ್ಲಿ ಒಂದು ಲಾಂಛನ ಹೆಚ್ಚಾಗಿ ಬಿದ್ದರೆ ಅಷ್ಟು ದೊಡ್ಡ ವಿಷಯವಾ?

ಅಕ್ಕ: ದೊಡ್ಡದೇ. 2019ರಲ್ಲಿ ಭಾರತದ ಐದು ಕಾಫಿಗಳಿಗೆ ಒಟ್ಟಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಆಂಧ್ರದ ಅರಕು ಕಣಿವೆಯ ಅರೇಬಿಕಾ, ಮತ್ತೆ ವಯನಾಡು ರೋಬಸ್ಟಾ. ಗಮನಿಸು, ರೋಬಸ್ಟಾ ಅಂತ ಬಂದದ್ದು ವಯನಾಡಿಗೆ. ನಮ್ಮ ಜಿಲ್ಲೆಯಲ್ಲಿ ಇವತ್ತು ಅರೇಬಿಕಾಗಿಂತ ರೋಬಸ್ಟಾ ಹೆಚ್ಚು ಬೆಳೀತಾರೆ, ಆದರೆ ಆ ಸೂಚಕ ನಮ್ಮ ಅರೇಬಿಕಾಕ್ಕೆ ಮಾತ್ರ. ನಿನ್ನ ಅಂಗಡಿಗೆ ಬರೋ ಪೊಟ್ಟಣಗಳಲ್ಲಿ ಹೆಚ್ಚಿನವು ರೋಬಸ್ಟಾ ಇಲ್ಲವೇ ಎರಡೂ ಬೆರೆತದ್ದು. ಅಂದರೆ ತಪ್ಪಾಗೋ ಅವಕಾಶವೇ ಹೆಚ್ಚು. ಅಲ್ಲದೆ ಬರೀ ಅರೇಬಿಕಾ ಬೆಳೆದರೆ ಸಾಲದು. 1999ರ ಕಾಯ್ದೆಯ ಪ್ರಕಾರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಸುಳ್ಳು ಸೂಚಕ ಹಾಕಿ ಮಾರೋದು ಶಿಕ್ಷೆಯಾಗುವ ಅಪರಾಧ. ಲೇಬಲ್ ಮಾಡಿಕೊಟ್ಟವನು ನೀನು, ಸಿಕ್ಕಿಬೀಳೋವರು ತೋಟದವರು.

ಹುಡುಗ: ಹಾಗಾದರೆ ಸುಲಭ. ಪಟ್ಟಿಯ ಆನ್‌ಚೇಂಜ್‌ನಲ್ಲಿ ಒಂದು ಸಾಲು ಬರೀತೇನೆ. ರೋಬಸ್ಟಾ ಆದರೆ ಲಾಂಛನದ ಚೆಕ್‌ಬಾಕ್ಸಿನ ಎನೇಬಲ್ಡ್ ಗುಣವನ್ನು ಫಾಲ್ಸ್ ಮಾಡೋದು, ಇಲ್ಲದಿದ್ದರೆ ಟ್ರೂ.

ಅಕ್ಕ: ನಾಳೆ ಪಟ್ಟಿಗೆ ಮೂರನೆಯದು ಸೇರುತ್ತೆ, ಎರಡೂ ಬೆರೆತ ಮಿಶ್ರಣ ಅಂತ. ಆಗ ನಿನ್ನ ಸಾಲು ಏನು ಮಾಡುತ್ತೆ?

ಹುಡುಗ: ಅದು ರೋಬಸ್ಟಾ ಅಲ್ಲ. ಹಾಗಾಗಿ ತೆರೆದುಬಿಡುತ್ತೆ.

ಅಕ್ಕ: ತೆರೆಯುತ್ತೆ, ತಪ್ಪಾಗಿ. ಅದಕ್ಕೇ ಶರತ್ತನ್ನು ಬೇಡದ್ದರ ಕಡೆಯಿಂದ ಬರೀಬೇಡ, ಬೇಕಾದ್ದರ ಕಡೆಯಿಂದ ಬರೆ. ರೋಬಸ್ಟಾ ಆದರೆ ಮುಚ್ಚು ಅನ್ನಬೇಡ. ಶುದ್ಧ ಅರೇಬಿಕಾ ಆದರೆ ಮಾತ್ರ ತೆರೆ ಅನ್ನು. ಹೊಸ ಬಗೆ ಎಷ್ಟೇ ಬರಲಿ, ನೀನು ಅದರ ಬಗ್ಗೆ ಯೋಚಿಸೋ ತನಕ ಅದು ಮುಚ್ಚಿಯೇ ಇರುತ್ತೆ. ಇಂಥ ಕಾನೂನಿನ ವಿಷಯದಲ್ಲಿ ಅದೇ ಸರಿಯಾದ ಪಕ್ಷ. ಲಾಂಛನ ಬೀಳೋದಕ್ಕೆ ಮೂರು ಶರತ್ತು ಒಟ್ಟಿಗೆ ನೆರವೇರಬೇಕು: ಶುದ್ಧ ಅರೇಬಿಕಾ, ಚಿಕೋರಿ ಇಲ್ಲ, ಅಧಿಕೃತ ಬಳಕೆದಾರರ ನೋಂದಣಿ ಸಂಖ್ಯೆ ತುಂಬಿದೆ. ಆ ಸಂಖ್ಯೆಗೂ ಡೈಲಾಗಿನಲ್ಲಿ ಒಂದು ಜಾಗ ಇಡು. ಮೂರರಲ್ಲಿ ಒಂದು ತಪ್ಪಿದರೂ ಮುಚ್ಚಬೇಕು.

ಹುಡುಗ: ಮೂರು ಶರತ್ತು ಅಂದರೆ ಮೂರು ಕಡೆ ಬರೀಬೇಕಲ್ಲ. ಪಟ್ಟಿ ಬದಲಾದಾಗ, ಚಿಕೋರಿ ಟಿಕ್ ಆದಾಗ, ನೋಂದಣಿ ಸಂಖ್ಯೆ ಬರೆದಾಗ.

ಅಕ್ಕ: ಹೆಚ್ಚಿನವರು ಎಡವೋದು ಇಲ್ಲೇ. ಒಂದೊಂದು ಕಂಟ್ರೋಲಿನ ಘಟನೆಯೂ ಇನ್ನೊಂದನ್ನು ತೆರೆಯುತ್ತಾ ಮುಚ್ಚುತ್ತಾ ಹೋದರೆ ಅವು ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತವೆ. ಮಿಶ್ರಣ ಆರಿಸಿದ್ದಕ್ಕೆ ಪಟ್ಟಿ ಲಾಂಛನವನ್ನು ಮುಚ್ಚಿತು. ಆಮೇಲೆ ಚಿಕೋರಿಯ ಟಿಕ್ ಹಾಕಿ ತೆಗೆದರು. ಚಿಕೋರಿ ಇಲ್ಲ ಅಂತ ಅದರ ಘಟನೆ ಲಾಂಛನವನ್ನು ತೆರೆದುಬಿಟ್ಟಿತು. ಪಟ್ಟಿಯಲ್ಲಿ ಮಿಶ್ರಣ ಹಾಗೇ ಕೂತಿದೆ! ಕೊನೆಗೆ ಕೈ ಇಟ್ಟವನು ಗೆದ್ದ. ಅದಕ್ಕೆ ಒಂದೇ ಒಂದು ಫಂಕ್ಷನ್ ಬರೆ. ಅದು ಪ್ರತಿ ಸಲವೂ ಎಲ್ಲ ಕಂಟ್ರೋಲ್‌ಗಳ ಈಗಿನ ಮೌಲ್ಯವನ್ನು ಓದಿ, ಯಾವುದು ತೆರೆದಿರಬೇಕು ಯಾವುದು ಮುಚ್ಚಿರಬೇಕು ಅಂತ ಮೊದಲಿಂದ ಲೆಕ್ಕ ಹಾಕಲಿ. ಮೂರು ಘಟನೆಗಳೂ ಅದೊಂದನ್ನೇ ಕರೆಯಲಿ, ಬೇರೇನೂ ಮಾಡಬಾರದು. ಶರತ್ತು ಬದಲಾದರೆ ನೀನು ತಿದ್ದೋದು ಒಂದೇ ಜಾಗದಲ್ಲಿ.

ಹುಡುಗ: ಪ್ರತಿ ಸಲ ಎಲ್ಲವನ್ನೂ ಲೆಕ್ಕ ಹಾಕಿದರೆ ನಿಧಾನ ಆಗೋದಿಲ್ವಾ?

ಅಕ್ಕ: ಹತ್ತಿಪ್ಪತ್ತು ಕಂಟ್ರೋಲಿಗೆ ಏನೂ ಆಗೋದಿಲ್ಲ. ಬ್ಲೆಂಡರ್ ಅನ್ನೋ ತಂತ್ರಾಂಶ ನೋಡು, ಅಲ್ಲಿ ಪ್ಯಾನೆಲಿನ ಡ್ರಾ ಫಂಕ್ಷನ್ ಮತ್ತೆ ಮತ್ತೆ ಓಡಿ ಇಡೀ ಪ್ಯಾನೆಲನ್ನೇ ಹೊಸದಾಗಿ ಬರೆಯುತ್ತೆ. ಸಾಲಿನ ಎನೇಬಲ್ಡ್ ಏನಾಗಿರಬೇಕು ಅನ್ನೋದನ್ನು ಆ ಹೊತ್ತಿನ ಸ್ಥಿತಿ ನೋಡಿ ಆಗಲೇ ತೀರ್ಮಾನಿಸುತ್ತೆ. ಹಳೆಯ ಸ್ಥಿತಿ ಉಳಿದುಕೊಳ್ಳೋ ಪ್ರಶ್ನೆಯೇ ಇಲ್ಲ. ಹೂಡಿನಿ ತಂತ್ರಾಂಶದಲ್ಲಿ ಇನ್ನೂ ಸರಳ. ಪ್ಯಾರಾಮೀಟರಿನ ಪಕ್ಕದಲ್ಲೇ ಡಿಸೇಬಲ್ ವೆನ್ ಅಂತ ಒಂದು ಜಾಗ ಇದೆ, ಶರತ್ತನ್ನು ಅಲ್ಲೇ ಬರೀಬಹುದು. ಒಂದು ಆವರಣದೊಳಗೆ ಬರೆದ ಶರತ್ತುಗಳೆಲ್ಲ ಒಟ್ಟಿಗೆ ನಿಜವಾಗಬೇಕು. ಬೇರೆ ಬೇರೆ ಆವರಣದಲ್ಲಿ ಬರೆದರೆ ಯಾವುದಾದರೂ ಒಂದು ಸಾಕು. ಕೋಡೇ ಬೇಡ. ಇಲಸ್ಟ್ರೇಟರ್, ಫೋಟೋಶಾಪಿನ ಸ್ಕ್ರಿಪ್ಟ್‌ಯುಐಯಲ್ಲಿ ಅಂಥ ಸೌಕರ್ಯ ಇಲ್ಲ. ಅದಕ್ಕೆ ಆ ಶಿಸ್ತನ್ನು ನಾವೇ ಕಟ್ಟಿಕೊಳ್ಳಬೇಕು.

ಹುಡುಗ: ಸರಿ, ಒಂದೇ ಫಂಕ್ಷನ್. ಘಟನೆಗಳು ಅದನ್ನು ಕರೆಯುತ್ತವೆ. ಅಲ್ಲಿಗೆ ಮುಗಿಯಿತಾ?

ಅಕ್ಕ: ಡೈಲಾಗ್ ತೆರೆದ ಕ್ಷಣದಲ್ಲಿ ಯಾವ ಘಟನೆ ಆಗಿರುತ್ತೆ?

ಹುಡುಗ: ಯಾವುದೂ ಆಗಿರೋದಿಲ್ಲ.

ಅಕ್ಕ: ಅಂದರೆ ನಿನ್ನ ಫಂಕ್ಷನ್ ಓಡಿರೋದಿಲ್ಲ. ಹಿಂದಿನ ಸಲದ ಆಯ್ಕೆಗಳನ್ನು ನೆನಪಿಟ್ಟು ತೋರಿಸೋ ಸ್ಕ್ರಿಪ್ಟ್ ನಿನ್ನದು. ಅದು ಚಿಕೋರಿಯ ಟಿಕ್ಕನ್ನು ಕೋಡಿನಿಂದಲೇ ಹಾಕುತ್ತೆ. ಕೋಡಿನಿಂದ ಹಾಕಿದ ಟಿಕ್ಕಿಗೆ ಆನ್‌ಕ್ಲಿಕ್ ಓಡೋದಿಲ್ಲ, ಅದು ಓಡೋದು ಮನುಷ್ಯ ಕ್ಲಿಕ್ ಮಾಡಿದಾಗ. ಟಿಕ್ ಬಿದ್ದಿರುತ್ತೆ, ಪಕ್ಕದ ಶೇಕಡಾ ಜಾಗ ಮಂಕಾಗಿಯೇ ಇರುತ್ತೆ. ನೋಡಿದವರು ಸ್ಕ್ರಿಪ್ಟೇ ಕೆಟ್ಟಿದೆ ಅಂದುಕೊಳ್ತಾರೆ. ಅದಕ್ಕೆ ಡೈಲಾಗ್ ತೆರೆಯೋ ಶೋ ಕರೆಯೋ ಮುಂಚೆ ಆ ಫಂಕ್ಷನನ್ನು ಒಮ್ಮೆ ನೀನೇ ಕರೆ. ಒಂದು ಸಾಲಿನ ಕೆಲಸ, ಆದರೆ ಮರೆಯೋವರೇ ಹೆಚ್ಚು.

ಹುಡುಗ: ಶೇಕಡಾ ಜಾಗದ ಬಗ್ಗೆ ಕೇಳಬೇಕು ಅಂತಿದ್ದೆ. ಚಿಕೋರಿ ಎಷ್ಟಿರಬೇಕು ಅಂತ ಮಿತಿ ಇದೆಯಾ?

ಅಕ್ಕ: ಇದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು. ಅಂದರೆ ಚಿಕೋರಿ ಹೆಚ್ಚೆಂದರೆ 49. ಕಾಫಿ ಎಷ್ಟು ಚಿಕೋರಿ ಎಷ್ಟು ಅಂತ ಎರಡೂ ಲೇಬಲ್ಲಿನ ಮೇಲೆ ಇರಬೇಕು. ಅದಕ್ಕೆ ನಿನ್ನ ಡೈಲಾಗಿನಲ್ಲಿ ಒಂದೇ ಜಾಗ ಇರೋದು ಒಳ್ಳೆಯದಾಯಿತು. ಚಿಕೋರಿ ಬರೆದರೆ ಕಾಫಿಯದನ್ನು ನೂರರಿಂದ ಕಳೆದು ಸ್ಕ್ರಿಪ್ಟೇ ಬರೀಲಿ. ಎರಡು ಜಾಗ ಕೊಟ್ಟರೆ ಕೂಡಿದಾಗ ನೂರಾಗದ ಲೇಬಲ್ ಬರೋ ದಾರಿ ತೆರೆದ ಹಾಗೆ.

ಹುಡುಗ: 49 ದಾಟಿದರೆ ಓಕೆ ಬಟನ್ ಮುಚ್ಚಿಬಿಡಲಾ?

ಅಕ್ಕ: ಯಾವಾಗ ಮುಚ್ತೀಯ? ಅಕ್ಷರ ಒತ್ತಿದ ಹಾಗೆಲ್ಲ ನೋಡೋದು ಆನ್‌ಚೇಂಜಿಂಗ್, ಬರೆದು ಮುಗಿಸಿ ಆಚೆ ಹೋದಾಗ ನೋಡೋದು ಆನ್‌ಚೇಂಜ್. 30 ಬರೆಯೋವನು ಮೊದಲು 3 ಒತ್ತುತ್ತಾನೆ. ಅಳಿಸಿ ಬರೆಯೋವನ ಜಾಗ ಒಂದು ಕ್ಷಣ ಖಾಲಿ ಇರುತ್ತೆ. ಅರ್ಧ ಬರೆದದ್ದಕ್ಕೆ ಬಟನ್ ಮಿಣುಕ್ ಮಿಣುಕ್ ಅಂತ ಬೆಳಗಿ ಆರಿದರೆ ಕೂತವರಿಗೆ ಗಾಬರಿ. ಬರೆದು ಮುಗಿಯಲಿ, ಆಮೇಲೆ ನೋಡು. ಇನ್ನೊಂದು ವಿಷಯ, ನಿನ್ನ ಅಂಗಡಿಯಲ್ಲಿ ಕನ್ನಡ ಕೀಬೋರ್ಡ್ ಆನ್ ಇಟ್ಟುಕೊಂಡೇ ಕೆಲಸ ಮಾಡೋವರಿದ್ದಾರಾ?

ಹುಡುಗ: ಇದ್ದಾರೆ. ತೋಟದ ಹೆಸರು ಕನ್ನಡದಲ್ಲಿ ಬರೆದು, ಹಾಗೇ ಮುಂದಿನ ಜಾಗಕ್ಕೆ ಹೋಗ್ತಾರೆ.

ಅಕ್ಕ: ಅವರ ಕೈಯಲ್ಲಿ ೩೦ ಅಂತ ಕನ್ನಡ ಅಂಕಿ ಬೀಳಬಹುದು. ನಿನ್ನ ಪಾರ್ಸ್‌ಇಂಟ್ ಅದನ್ನು ಸಂಖ್ಯೆ ಅಂತ ಒಪ್ಪೋದಿಲ್ಲ. ಶರತ್ತು ಸುಳ್ಳಾಗುತ್ತೆ, ಬಟನ್ ಮುಚ್ಚಿಕೊಳ್ಳುತ್ತೆ. ಅವರ ಕಣ್ಣಿಗೆ ಮೂವತ್ತು ಅನ್ನೋದು ಸ್ಪಷ್ಟವಾಗಿ ಕಾಣ್ತಾ ಇದೆ, ಆದರೂ ಬಟನ್ ಒಪ್ಪುತ್ತಿಲ್ಲ. ಕನ್ನಡದಲ್ಲಿ ಕೆಲಸ ಮಾಡಿದ್ದಕ್ಕೆ ಈ ಶಿಕ್ಷೆ ಯಾಕೆ? ೦ಯಿಂದ ೯ರ ತನಕದ ಅಂಕಿಗಳನ್ನು ಮೊದಲೇ 0–9ಕ್ಕೆ ಬದಲಿಸಿಕೊಂಡು ಆಮೇಲೆ ಲೆಕ್ಕ ಮಾಡು. ಹತ್ತು ಅಕ್ಷರದ ಬದಲಾವಣೆ, ಅಷ್ಟೇ. ಹೊರಗಿನಿಂದ ತಂದ ಮಾದರಿ ಸ್ಕ್ರಿಪ್ಟುಗಳಲ್ಲಿ ಇದು ಇರೋದಿಲ್ಲ, ನಾವೇ ಸೇರಿಸಬೇಕು.

ಹುಡುಗ: ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆದರೆ ಅಕ್ಕಾ, ಓಕೆ ಮುಚ್ಚೋದರ ಬಗ್ಗೆ ನೀವು ಹೌದು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ಅಕ್ಕ: ನನ್ನ ತೀರ್ಮಾನ, ಬೇಡ. ಉಳಿದ ಕಂಟ್ರೋಲ್‌ಗಳನ್ನು ಮುಚ್ಚು, ಓಕೆ ತೆರೆದಿರಲಿ. ಲಾಂಛನದ ಚೆಕ್‌ಬಾಕ್ಸ್ ಮಂಕಾದರೆ ಅದರ ಕಾರಣ ಹತ್ತಿರದಲ್ಲೇ ಇರುತ್ತೆ, ಮೇಲಿನ ಪಟ್ಟಿಯಲ್ಲಿ ರೋಬಸ್ಟಾ ಅಂತ ಕಾಣುತ್ತೆ. ಓಕೆ ಮಂಕಾದರೆ ಕಾರಣ ಇಡೀ ಡೈಲಾಗಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಹುಡುಕೋದು ಎಲ್ಲಿ? ಓಕೆ ಒತ್ತಲಿ. ಒತ್ತಿದಾಗ ಯಾವುದು ಬಾಕಿ ಅಂತ ಕನ್ನಡದಲ್ಲಿ ಹೇಳು, ಆ ಜಾಗಕ್ಕೇ ಕರ್ಸರ್ ಕೊಂಡೊಯ್ದು ನಿಲ್ಲಿಸು. ನೀನು ಮೊದಲು ಹೇಳಿದ ಕೊನೆಯ ಎಚ್ಚರಿಕೆ ಇದೆಯಲ್ಲ, ಅದರ ಜಾಗ ಇದು. ತುಂಬದೇ ಬಿಟ್ಟದ್ದಕ್ಕೆ ಎಚ್ಚರಿಕೆ ಸರಿ. ಆಗಲು ಸಾಧ್ಯವೇ ಇಲ್ಲದ್ದಕ್ಕೆ ಮುಚ್ಚೋದು ಸರಿ.

ಹುಡುಗ: ಹಾಗಾದರೆ ಇನ್ನೊಂದು ಪ್ರಶ್ನೆ. ಮಂಕು ಮಾಡೋ ಬದಲು ಪೂರ್ತಿ ಮಾಯ ಮಾಡಿದರೆ? ವಿಸಿಬಲ್ ಅನ್ನೋ ಗುಣವೂ ಇದೆಯಲ್ಲ. ಡೈಲಾಗ್ ಚೊಕ್ಕ ಆಗುತ್ತೆ.

ಅಕ್ಕ: ಮಾಯವಾದರೆ ಅಂಥದ್ದೊಂದು ಇದೆ ಅನ್ನೋದೇ ತಿಳಿಯೋದಿಲ್ಲ. ಅರೇಬಿಕಾ ಬೆಳೆದು ಇನ್ನೂ ನೋಂದಾಯಿಸಿಕೊಳ್ಳದ ಬೆಳೆಗಾರರು ನಿನ್ನ ಪಕ್ಕ ಕೂತು ಪರದೆ ನೋಡ್ತಾ ಇದ್ದಾರೆ ಅಂದುಕೋ. ಮಂಕಾದ ಚೆಕ್‌ಬಾಕ್ಸ್ ಕಂಡರೆ ಕೇಳ್ತಾರೆ, ಅದು ಏನು, ನಮಗೆ ಯಾಕೆ ಇಲ್ಲ ಅಂತ. ನೀನು ನೋಂದಣಿಯ ವಿಷಯ ಹೇಳ್ತೀಯ. ಮಾಯವಾಗಿದ್ದರೆ ಆ ಮಾತೇ ಬರೋದಿಲ್ಲ. ಇವತ್ತು ಇಲ್ಲ, ನಾಳೆ ಆಗಬಹುದು ಅನ್ನೋದನ್ನು ಮಂಕು ಮಾಡು. ಈ ಕೆಲಸಕ್ಕೆ ಎಂದೂ ಸಂಬಂಧವೇ ಇಲ್ಲದ್ದನ್ನು ಮರೆಮಾಡು. ಅದೇ ಸ್ಕ್ರಿಪ್ಟಿನಲ್ಲಿ ಜೇನಿನ ಬಾಟಲಿ ಲೇಬಲ್ಲೂ ಮಾಡೋ ಹಾಗಿದ್ದರೆ, ಜೇನು ಆರಿಸಿದಾಗ ಚಿಕೋರಿಯ ಸಾಲು ಮಂಕಾಗಿ ಕೂರೋದರಲ್ಲಿ ಅರ್ಥವಿಲ್ಲ. ಅಲ್ಲಿ ಇಡೀ ಪ್ಯಾನೆಲನ್ನು ತೆಗೆದುಬಿಡು. ಆಗದ ಆಯ್ಕೆಯನ್ನು ಮಂಕಾಗಿಸಿ ಅದರ ಜಾಗದಲ್ಲೇ ಉಳಿಸೋ ಪದ್ಧತಿ 1983ರ ಆಪಲ್ ಲೀಸಾ, 1984ರ ಮ್ಯಾಕಿಂಟಾಷ್ ಮೆನುಗಳಲ್ಲೇ ಇತ್ತು. ಮೆನುವಿನಲ್ಲಿ ಒಂದೊಂದು ಸಾಲು ಇದ್ದ ಜಾಗದಲ್ಲೇ ಇದ್ದರೆ ಕೈಗೆ ಅಭ್ಯಾಸವಾಗುತ್ತೆ. ಬಂದು ಹೋಗಿ ಮಾಡಿದರೆ ದಿನಕ್ಕೊಂದು ಕಡೆ ಹುಡುಕಬೇಕಾಗುತ್ತೆ.

ಹುಡುಗ: ಒಪ್ಪಿದೆ. ಈಗ ನಾನು ಕಂಡ ಒಂದು ತೊಡಕು ಹೇಳ್ತೇನೆ. ಅರೇಬಿಕಾ ಆರಿಸಿ, ನೋಂದಣಿ ಸಂಖ್ಯೆ ಬರೆದು, ಲಾಂಛನಕ್ಕೆ ಟಿಕ್ ಮಾಡಿದೆ. ಆಮೇಲೆ ರೋಬಸ್ಟಾಕ್ಕೆ ಬದಲಿಸಿದೆ. ಚೆಕ್‌ಬಾಕ್ಸ್ ಮಂಕಾಯಿತು, ಆದರೆ ಟಿಕ್ ಹಾಗೇ ಉಳಿದಿದೆ.

ಅಕ್ಕ: ಒಳ್ಳೆಯ ಕಡೆಗೆ ಬಂದೆ. ಈ ಇಡೀ ವಿಷಯದಲ್ಲಿ ಅತಿ ಅಪಾಯದ ಜಾಗ ಇದೇ. ಮುಚ್ಚೋದು ಅಂದರೆ ಮುಟ್ಟಲಾಗದ ಹಾಗೆ ಮಾಡೋದು ಅಷ್ಟೇ. ಒಳಗಿರೋ ಮೌಲ್ಯ ಹಾಗೇ ಇರುತ್ತೆ. ನಿನ್ನ ಲೇಬಲ್ ಬರೆಯೋ ಭಾಗ ಏನನ್ನು ಓದುತ್ತೆ?

ಹುಡುಗ: ವ್ಯಾಲ್ಯೂ ಟ್ರೂ ಆಗಿದ್ದರೆ ಲಾಂಛನದ ಪದರ ಕಾಣಿಸು ಅಂತ ಇದೆ.

ಅಕ್ಕ: ಹಾಗಾದರೆ ಪರದೆಯ ಮೇಲೆ ಮುಚ್ಚಿದೆ, ಕಾಗದದ ಮೇಲೆ ಬಿದ್ದಿದೆ. ಮುಚ್ಚದೇ ಇದ್ದಿದ್ದರೆ ಕೊನೇ ಪಕ್ಷ ಟಿಕ್ ತೆಗೆಯೋ ದಾರಿಯಾದರೂ ಇರುತ್ತಿತ್ತು. ಈಗ ಅದೂ ಇಲ್ಲ. ಮಂಕಾದದ್ದನ್ನು ನೋಡಿ ಎಲ್ಲರೂ ಇದು ಬೀಳೋದಿಲ್ಲ ಅಂತ ನಂಬಿದ್ದಾರೆ, ಪ್ರೂಫನ್ನೂ ಆ ನಂಬಿಕೆಯಲ್ಲೇ ನೋಡ್ತಾರೆ.

ಹುಡುಗ: ಮುಚ್ಚುವಾಗಲೇ ಟಿಕ್ ಅಳಿಸಿಬಿಟ್ಟರೆ?

ಅಕ್ಕ: ಅಳಿಸಬಹುದು. ಆದರೆ ಪಟ್ಟಿಯಲ್ಲಿ ಕೈತಪ್ಪಿ ರೋಬಸ್ಟಾ ಒತ್ತಿ, ಕೂಡಲೇ ಅರೇಬಿಕಾಕ್ಕೆ ಮರಳಿದವರ ಟಿಕ್ಕೂ ಹೋಯಿತು. ಚಿಕೋರಿಯ ಟಿಕ್ ತೆಗೆದು ಮತ್ತೆ ಹಾಕಿದವರು ಶೇಕಡಾ ಜಾಗದಲ್ಲಿ ಬರೆದಿದ್ದ ಅಂಕಿಯೂ ಹೋಯಿತು. ಅವರಿಗೆ ಅದು ಗೊತ್ತಾಗೋದೂ ಇಲ್ಲ. ಬರೆದದ್ದನ್ನು ಕೇಳದೆ ಅಳಿಸೋ ಹಕ್ಕು ಸ್ಕ್ರಿಪ್ಟಿಗೆ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೌಲ್ಯ ಹಾಗೇ ಇರಲಿ. ಓದುವಾಗ ಎರಡನ್ನೂ ಕೇಳು: ಟಿಕ್ ಆಗಿದೆಯಾ, ತೆರೆದಿದೆಯಾ? ಎರಡೂ ಹೌದಾದರೆ ಮಾತ್ರ ಲಾಂಛನ. ಇನ್ನೂ ಭದ್ರ ಬೇಕಾದರೆ ಆ ಮೂರು ಶರತ್ತಿನ ಫಂಕ್ಷನನ್ನೇ ಲೇಬಲ್ ಬರೆಯುವಾಗ ಇನ್ನೊಮ್ಮೆ ಕರೆ. ಪರದೆಯ ಮೇಲಿನ ಬೀಗವನ್ನೇ ನಂಬಿಕೊಂಡು ಕೂರಬೇಡ. ಯಾರೋ ನಾಳೆ ಎಕ್ಸೆಲ್ ಫೈಲಿನಿಂದ ನೂರು ಲೇಬಲ್ಲಿಗೆ ಮಾಹಿತಿ ಓದಿಸ್ತಾರೆ, ಆಗ ಡೈಲಾಗೇ ತೆರೆಯೋದಿಲ್ಲ.

ಹುಡುಗ: ಎಕ್ಸೆಲ್ ಅಂದಾಗ ನೆನಪಾಯಿತು. ಇದೇ ಸ್ಕ್ರಿಪ್ಟನ್ನು ಹಾಕಿ ಹಬ್ಬದ ಸರ್ಟಿಫಿಕೇಟಿಗೂ ತಿದ್ದಿಕೊಳ್ಳೋಣ ಅಂತಿದ್ದೆ.

ಅಕ್ಕ: ಕೊಡವ ಕುಟುಂಬಗಳ ಹಾಕಿ ಹಬ್ಬವಾ? ಅದರ ಮುಂದೆ ನಿನ್ನ ಕಾಫಿ ಲೇಬಲ್ಲು ಚಿಕ್ಕ ಕೆಲಸ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360. ಅಷ್ಟು ತಂಡದ ಆಟಗಾರರ ಹೆಸರು, ಮನೆತನದ ಹೆಸರು ಅಂದರೆ ಕೈಯಲ್ಲಿ ಒಂದೊಂದೇ ಮಾಡೋ ಮಾತಲ್ಲ. ಅಲ್ಲಿ ಡೈಲಾಗಿನ ಮುಂದೆ ಕೂರೋದು ನೀನಲ್ಲ, ಸಹಾಯಕ್ಕೆ ಬಂದ ಯಾರೋ ಕಾಲೇಜು ಹುಡುಗರು. ಭಾಗವಹಿಸಿದ ಪತ್ರ ಆರಿಸಿದರೆ ಎಷ್ಟನೇ ಸ್ಥಾನ ಅನ್ನೋ ಜಾಗ ಮುಚ್ಚಬೇಕು, ವಿಜೇತರ ಪತ್ರ ಆರಿಸಿದರೆ ತೆರೆಯಬೇಕು. ಒಂದೇ ಶರತ್ತು, ಆದರೆ ಅದು ಇಲ್ಲದಿದ್ದರೆ ಭಾಗವಹಿಸಿದವರ ಪತ್ರದಲ್ಲೆಲ್ಲ ಹಿಂದಿನ ಸಲದ ಸ್ಥಾನ ಅಚ್ಚಾಗುತ್ತೆ. ಹೆಸರು ಅಚ್ಚಾದ ಪತ್ರವನ್ನು ಮನೆಗಳಲ್ಲಿ ಗೋಡೆಗೆ ಹಾಕಿಡ್ತಾರೆ, ತಪ್ಪಿದ್ದರೆ ತಪ್ಪೂ ಗೋಡೆಯ ಮೇಲೇ.

ಹುಡುಗ: ಫಾಂಟಿನದ್ದೂ ಒಂದು ಕಥೆ ಇದೆ ಅಲ್ಲಿ. ಹೆಸರುಗಳು ಯೂನಿಕೋಡ್‌ನಲ್ಲಿ ಬರ್ತವೆ, ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟುಗಳೂ ಇವೆ.

ಅಕ್ಕ: ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದಾರೆ. ಯೂನಿಕೋಡ್ ಹೆಸರಿಗೆ ಅದನ್ನು ಹಾಕಿದರೆ ಅಕ್ಷರ ಬರೋದಿಲ್ಲ, ಚೌಕಗಳು ಬರ್ತವೆ. ಸ್ಕ್ರಿಪ್ಟ್‌ಯುಐಯ ಪಟ್ಟಿಯಲ್ಲಿ ಒಂದೊಂದು ಸಾಲಿಗೂ ಎನೇಬಲ್ಡ್ ಗುಣ ಇದೆ. ಮಾಹಿತಿ ಯೂನಿಕೋಡ್ ಅಂತಾದರೆ ಆ ಹಳೆಯ ಫಾಂಟುಗಳ ಸಾಲು ಮಾತ್ರ ಮಂಕಾಗಲಿ, ಪಟ್ಟಿ ಪೂರ್ತಿ ಮುಚ್ಚಬೇಡ. ಇಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಸರಿ ಕೂರಬೇಕಾದರೆ ದಕ್ಷಿಣ ಏಷ್ಯಾದ ಭಾಷೆಗಳ ಕಂಪೋಸರ್ ಇರಬೇಕು, ಅದನ್ನೂ ಕನ್ನಡ ಆರಿಸಿದಾಗ ಸ್ಕ್ರಿಪ್ಟೇ ಹಾಕಿಕೊಳ್ಳಲಿ, ಕೇಳೋದೇ ಬೇಡ.

ಹುಡುಗ: ಇಂಕ್‌ಸ್ಕೇಪ್ ಆದರೆ ಒತ್ತಕ್ಷರದ ಚಿಂತೆ ಇಲ್ಲ, ದುಡ್ಡೂ ಇಲ್ಲ. ಅದರಲ್ಲೇ ಬರೆದರೆ ಹೇಗೆ?

ಅಕ್ಕ: ಒಳ್ಳೆಯದೇ. ಆದರೆ ಅಲ್ಲಿ ಎಕ್ಸ್‌ಟೆನ್ಷನ್ನಿನ ಡೈಲಾಗನ್ನು ಒಂದು ಐಎನ್‌ಎಕ್ಸ್ ಫೈಲಿನಲ್ಲಿ ಬರೀತಾರೆ. ಒಂದು ಟಿಕ್ ನೋಡಿ ಇನ್ನೊಂದನ್ನು ಮಂಕು ಮಾಡೋ ದಾರಿ ಆ ಫೈಲಿನಲ್ಲಿ ಇಲ್ಲ. ಅದಕ್ಕೆ ಪುಟಗಳಾಗಿ ಒಡೆಯೋದು ಉತ್ತಮ. ಶುದ್ಧ ಕಾಫಿಗೆ ಒಂದು ಪುಟ, ಚಿಕೋರಿ ಬೆರೆತದ್ದಕ್ಕೆ ಇನ್ನೊಂದು. ಬೇಡದ ಜಾಗ ಆ ಪುಟದಲ್ಲಿ ಇರೋದೇ ಇಲ್ಲ. ಗಿಂಪ್‌ನಲ್ಲಿ 2025ರ ಮಾರ್ಚಿನಲ್ಲಿ ಬಂದ 3.0ರಿಂದ ಪ್ಲಗಿನ್ ಡೈಲಾಗಿಗೆ ಈ ಸೌಕರ್ಯ ಇದೆ, ಒಂದು ಕಂಟ್ರೋಲನ್ನು ಇನ್ನೊಂದರ ಮೌಲ್ಯಕ್ಕೆ ಕಟ್ಟಬಹುದು. ಕೃತಾದಲ್ಲಿ ಇನ್ನೂ ಸಲೀಸು. ಅಲ್ಲಿ ಪೈಥಾನ್ ಜತೆ ಕ್ಯೂಟಿ ಸಿಗುತ್ತೆ, ಚೆಕ್‌ಬಾಕ್ಸಿನ ಟಾಗಲ್ಡ್ ಸಂಕೇತವನ್ನು ನೇರವಾಗಿ ಇನ್ನೊಂದರ ಸೆಟ್‌ಎನೇಬಲ್ಡ್‌ಗೆ ಜೋಡಿಸಿದರೆ ಒಂದೇ ಸಾಲಿನಲ್ಲಿ ಮುಗಿಯಿತು.

ಹುಡುಗ: ಅಕ್ಕಾ, ನಿಮ್ಮ ಮಾತಿಗೆ ಒಂದು ಎದುರು ಮಾತು ಹೇಳಲಾ? ನೀವು ಹೇಳಿದ ಹಾಗೆಲ್ಲ ಮುಚ್ಚುತ್ತಾ ಹೋದರೆ ಕೂತವರಿಗೆ ಕೈ ಕಟ್ಟಿದ ಹಾಗಾಗುತ್ತೆ. ನಮ್ಮ ಅಂಗಡಿಯಲ್ಲಿ ಒಬ್ಬರಿದ್ದಾರೆ, ಟ್ಯಾಬ್ ಒತ್ತುತ್ತಾ ಹೋಗೋವರು. ಮುಚ್ಚಿದ ಜಾಗವನ್ನು ಟ್ಯಾಬ್ ಹಾರಿಸಿಬಿಡುತ್ತೆ. ಇದ್ದ ಜಾಗ ಎಲ್ಲಿ ಹೋಯಿತು ಅಂತ ಅವರು ಮೌಸ್ ಹುಡುಕ್ತಾರೆ. ಆಮೇಲೆ ಅದು ಎಷ್ಟು ಮಂಕು ಅಂದರೆ ಹಳೆಯ ಮಾನಿಟರಿನಲ್ಲಿ ಓದೋಕೇ ಆಗೋದಿಲ್ಲ.

ಅಕ್ಕ: ನೀನು ಹೇಳಿದ್ದು ಪೂರ್ತಿ ಸರಿ. ಪರದೆಯ ಅಕ್ಷರ ಹಿನ್ನೆಲೆಯಿಂದ ಎಷ್ಟು ಎದ್ದು ಕಾಣಬೇಕು ಅಂತ ವೆಬ್ಬಿಗೆ ಒಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, 2008ರದು. ಅದರಲ್ಲೂ ಮುಚ್ಚಿದ ಕಂಟ್ರೋಲಿಗೆ ಆ ಮಿತಿಯಿಂದ ವಿನಾಯಿತಿ. ಆಗದ್ದನ್ನು ಓದಿ ಏನಾಗಬೇಕು ಅನ್ನೋ ಲೆಕ್ಕ ಅವರದ್ದು. ನಾನು ಒಪ್ಪೋದಿಲ್ಲ. ಯಾಕೆ ಆಗೋದಿಲ್ಲ ಅಂತ ತಿಳಿಯಬೇಕಾದವರೇ ಅದನ್ನು ಓದಬೇಕಾಗಿರೋದು. ತೋಟದ ಗೇಟು ಮುಚ್ಚಿ ಬೋರ್ಡು ಹಾಕದೇ ಹೋದರೆ ಬಂದವರು ಅಲ್ಲೇ ಹಾರ್ನ್ ಹೊಡೀತಾ ನಿಲ್ತಾರೆ. ಈ ದಾರಿ ಹಾಳಾಗಿದೆ, ಕೆಳಗಿನ ದಾರಿಯಲ್ಲಿ ಬನ್ನಿ ಅಂತ ಒಂದು ಸಾಲು ಇದ್ದರೆ ಹೊರಟುಬಿಡ್ತಾರೆ.

ಹುಡುಗ: ಹೆಲ್ಪ್‌ಟಿಪ್‌ನಲ್ಲಿ ಬರೀಲಾ ಹಾಗಾದರೆ, ಮೌಸ್ ಇಟ್ಟಾಗ ಕಾಣೋ ಹಾಗೆ?

ಅಕ್ಕ: ಮುಚ್ಚಿದ ಕಂಟ್ರೋಲಿನ ಮೇಲೆ ಅದು ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತೆ ಅಂತ ನಂಬೋ ಹಾಗಿಲ್ಲ. ಟ್ಯಾಬ್ ಒತ್ತೋವರ ಕೈ ಮೌಸ್ ಮೇಲೆ ಇರೋದೇ ಇಲ್ಲ. ಪಕ್ಕದಲ್ಲಿ ಒಂದು ಸ್ಟ್ಯಾಟಿಕ್ ಟೆಕ್ಸ್ಟ್ ಇಡು, ಕಂಟ್ರೋಲ್ ಮಂಕಾದರೂ ಆ ಸಾಲು ಕಪ್ಪಾಗಿಯೇ ಇರಲಿ. "ಈ ಲಾಂಛನ ಶುದ್ಧ ಅರೇಬಿಕಾಕ್ಕೆ ಮಾತ್ರ." "ಚಿಕೋರಿ ಬೆರೆತಿರುವುದರಿಂದ ಲಾಂಛನ ಇಲ್ಲ." "ನೋಂದಣಿ ಸಂಖ್ಯೆ ತುಂಬಿ." ಮೂರರಲ್ಲಿ ಯಾವ ಶರತ್ತು ತಪ್ಪಿದೆಯೋ ಅದರ ಸಾಲು. ಹೇಗೂ ನಿನ್ನ ಒಂದೇ ಫಂಕ್ಷನಿಗೆ ಯಾವುದು ತಪ್ಪಿತು ಅಂತ ಗೊತ್ತಿದೆ, ಅದೇ ಹೇಳಲಿ. ಬ್ಲೆಂಡರ್‌ನವರು ಪೋಲ್ ಅನ್ನೋ ಶರತ್ತು ಸುಳ್ಳಾದಾಗ ಬಟನ್ ಮಂಕಾಗೋ ಏರ್ಪಾಡನ್ನು ಮೊದಲೇ ಇಟ್ಟಿದ್ದರು. ಯಾಕೆ ಮಂಕಾಯಿತು ಅಂತ ಹೇಳೋ ಪೋಲ್ ಮೆಸೇಜ್ ಸೇರಿದ್ದು 3.0ರಲ್ಲಿ. ಅಷ್ಟು ದೊಡ್ಡ ತಂತ್ರಾಂಶಕ್ಕೂ ಅದರ ಅಗತ್ಯ ಕಂಡಿತು. ಮತ್ತೆ ಆ ಸಾಲು ಕನ್ನಡದಲ್ಲಿರಲಿ. ನಿನ್ನ ಅಂಗಡಿಯಲ್ಲಿ ಮನೆಮಾತು ಕೊಡವ ತಕ್ಕ್ ಇರೋವರು, ಅರೆಭಾಷೆಯವರು, ಮಲಯಾಳದವರು ಎಲ್ಲ ಇದ್ದಾರೆ, ಎಲ್ಲರೂ ಓದೋದು ಕನ್ನಡ.

ಹುಡುಗ: ಇನ್ನೊಂದು ಉಳಿಯಿತು. ಅರೇಬಿಕಾ ಸರಿ, ಚಿಕೋರಿ ಇಲ್ಲ, ನೋಂದಣಿ ಸಂಖ್ಯೆಯೂ ಇದೆ. ಆದರೆ ಆ ಪೊಟ್ಟಣದ ಬೀಜ ಕೊಡಗಿನದೇ ಅಂತ ಸ್ಕ್ರಿಪ್ಟಿಗೆ ಹೇಗೆ ಗೊತ್ತಾಗಬೇಕು? ಹಾಸನದಿಂದ ತಂದ ಅರೇಬಿಕಾ ಆಗಿದ್ದರೆ?

ಅಕ್ಕ: ಗೊತ್ತಾಗೋದಿಲ್ಲ, ಗೊತ್ತಿರೋ ಹಾಗೆ ನಟಿಸಲೂಬಾರದು. ಪಿನ್‌ಕೋಡ್ ನೋಡಿ ಮುಚ್ಚೋಣ, ತೋಟದ ವಿಳಾಸ ನೋಡಿ ಮುಚ್ಚೋಣ ಅಂತೆಲ್ಲ ಹೊರಡಬೇಡ. ವಿರಾಜಪೇಟೆಯ ವಿಳಾಸ ಇರೋವರು ಹೊರಗಿನ ಬೀಜ ತರಿಸಿರಬಹುದು, ಬೆಂಗಳೂರಿನ ವಿಳಾಸ ಕೊಟ್ಟವರ ತೋಟ ಸೋಮವಾರಪೇಟೆಯಲ್ಲಿ ಇರಬಹುದು. ಊಹೆಯ ಮೇಲೆ ಮುಚ್ಚಿದರೆ ನಿಜವಾದ ಹಕ್ಕುದಾರರನ್ನು ಹೊರಗಿಟ್ಟ ಹಾಗಾಗುತ್ತೆ, ಅದು ತಪ್ಪು ಲಾಂಛನಕ್ಕಿಂತ ಸಣ್ಣ ಅನ್ಯಾಯ ಅಲ್ಲ. ಡೈಲಾಗಿನಲ್ಲಿ ಇರೋ ಮೌಲ್ಯಗಳಿಂದ ಖಚಿತವಾಗಿ ಗೊತ್ತಾಗೋದನ್ನು ಮಾತ್ರ ಸ್ಕ್ರಿಪ್ಟ್ ಮುಚ್ಚಲಿ. ಬೀಜ ಎಲ್ಲಿಯದು ಅನ್ನೋದು ಮನುಷ್ಯರು ಹೇಳಬೇಕಾದ ಮಾತು. ಅದಕ್ಕೆ ಪ್ರೂಫಿನ ಕೆಳಗೆ ಒಂದು ಸಾಲು ಬರಲಿ, ಬೆಳೆಗಾರರು ಓದಿ ಸಹಿ ಹಾಕಲಿ.

ಹುಡುಗ: ಆಯಿತಕ್ಕಾ. ಒಂದೇ ಫಂಕ್ಷನ್, ತೆರೆಯುವ ಕಡೆಯಿಂದ ಬರೆದ ಶರತ್ತು, ಕಾರಣದ ಸಾಲು, ಓದುವಾಗ ಎರಡೂ ಕೇಳೋದು. ನಾಳೆ ಸಂಜೆಯೊಳಗೆ ತಿದ್ದಿ ಅಂಗಡಿಯಲ್ಲಿ ಹಾಕಿಬಿಡ್ತೇನೆ.

ಅಕ್ಕ: ಹಾಕೋ ಮುಂಚೆ ಒಂದು ಕೆಲಸ ಮಾಡು. ಆ ಟ್ಯಾಬ್ ಒತ್ತೋವರನ್ನು ಅದರ ಮುಂದೆ ಕೂರಿಸು. ನಿಜವಾಗಿ ಬಂದಿರೋ ಒಂದು ಆರ್ಡರ್ ಕೊಟ್ಟು ಲೇಬಲ್ ಮಾಡಿಸು, ನೀನು ಪಕ್ಕದಲ್ಲಿ ನಿಂತು ಒಂದು ಮಾತೂ ಆಡಬೇಡ. ಮಂಕಾದ ಯಾವುದಾದರೂ ಜಾಗದ ಮೇಲೆ ಅವರು ಎರಡನೇ ಸಲ ಕ್ಲಿಕ್ ಮಾಡಿದರೆ, ಅಲ್ಲಿ ಬರೆದ ಕಾರಣ ಅವರಿಗೆ ತಿಳಿದಿಲ್ಲ ಅಂತ ಅರ್ಥ. ಆ ಸಾಲನ್ನು ಅವರ ಕೈಯಲ್ಲೇ ತಿದ್ದಿಸಿ, ಆಮೇಲೆ ಅಂಗಡಿಗೆ ಕೊಡು.